ಶಿವಮಲ್ಲಪ್ಪ ಕಾಣದ ಅಂಬಾರಿ

ಇಪ್ಪತ್ತೆರಡು ವರ್ಷ ಮೈಸೂರು ದಸರಾ ಮೆರವಣಿಗೆಯಲ್ಲಿ ನಡೆದ ಮನುಷ್ಯ ಒಂದು ಸಲವೂ ಅಂಬಾರಿ ನೋಡಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ. ಕಳಲೆ ಶಾಲೆಯಲ್ಲಿ ಮೇಷ್ಟರಾಗಿದ್ದಷ್ಟು ಕಾಲವೂ ಶಿವಮಲ್ಲಪ್ಪನ ಜಗಲಿಯಲ್ಲಿ ಕೂತು ಕಾಫಿ ಕುಡಿದವನು ನಾನು. ನನ್ನ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ, ಕಳ್ಳ!

ಅವನದು ನಂದಿಕಂಬದ ತಂಡ. ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗುವುದೇ ಆ ಕಂಬ. ಮೂರ್ನಾಲ್ಕು ಆಳೆತ್ತರದ ಬಿದಿರು, ಮೈತುಂಬ ಹಿತ್ತಾಳೆ ಬಿಲ್ಲೆ, ತುದಿಯಲ್ಲೊಂದು ಕಳಶ. ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಬುಡ ಊರಿ, ತಲೆ ಮೇಲೆತ್ತಿ, ತುದಿಯನ್ನೇ ನೋಡುತ್ತ ಕುಣಿಯಬೇಕು. ಕಣ್ಣು ಕದಲಿದರೆ ಕಂಬ ವಾಲುತ್ತದೆ. ದೇವಿಯನ್ನು ಕೂರಿಸಿದ ಅಂಬಾರಿ ಹೊತ್ತ ಆನೆ ಎಲ್ಲೋ ಎರಡು ಗಂಟೆ ದಾರಿ ಹಿಂದೆ. ಅದು ಬನ್ನಿಮಂಟಪ ಮುಟ್ಟುವ ಹೊತ್ತಿಗೆ ಇವರು ಕಂಬ ಬಿಚ್ಚಿ ಟೆಂಪೋಗೆ ಹಾಕಿಕೊಂಡು ಊರ ದಾರಿ ಹಿಡಿದಿರುತ್ತಿದ್ದರು.

ಮೊದಲ ವರ್ಷ ಮನೆಗೆ ಬಂದಾಗ ಹೆಂಡತಿ ಚನ್ನಾಜಮ್ಮ ಕಾಲಿಗೆ ಬಿಸಿನೀರು ಕೊಟ್ಟು ಕೇಳಿದಳಂತೆ, “ಅಮ್ಮನೋರು ಎಂಗಿದ್ರು? ಯಾವ ಸೀರೆ ಉಟ್ಟಿದ್ರು?” ಅಷ್ಟು ದೂರ ಹೋಗಿ ನೋಡಲಿಲ್ಲ ಎನ್ನಲು ಇವನಿಗೆ ನಾಚಿಕೆ. “ಗಿಳಿ ಅಸ್ರು, ಕೆಂಪಂಚು” ಎಂದುಬಿಟ್ಟ. ಆಮೇಲೆ ವರ್ಷಕ್ಕೊಂದು ಬಣ್ಣ. ಒಮ್ಮೆ ಅರಿಶಿನ, ಒಮ್ಮೆ ನೇರಳೆ, ಒಮ್ಮೆ ಮಾವಿನ ಚಿಗುರು. ಹೇಳುತ್ತ ಹೇಳುತ್ತ ಅವನಿಗೇ ಕಂಡಂತಾಗುತ್ತಿತ್ತಂತೆ.

ಹೋದ ವರ್ಷ ಮಂಡಿ ಕೈಕೊಟ್ಟಿತು. ಕಂಬ ತಮ್ಮನ ಮಗ ರುದ್ರೇಶನ ಪಾಲಾಯಿತು. ಆಗ ನಂಜನಗೂಡಿನ ನಮ್ಮ ಮನೆಗೆ ಬಂದು ಎಲ್ಲ ಹೇಳಿಕೊಂಡ. “ಮೇಷ್ಟ್ರೇ, ಈ ಸಲ ಕಣ್ಣಾರೆ ನೋಡ್ಬೇಕು. ಅವ್ಳಿಗೆ ಒಂದ್ಸಲನಾರ ನಿಜ ಯೋಳ್ಬೇಕು. ಆ ಜನ ಕಂಡ್ರೆ ಉಸ್ರು ಕಟ್ತದೆ ಅಂತಾಳೆ, ಅವ್ಳಂತೂ ಬರಕಿಲ್ಲ. ನೀವ್ ಬನ್ನಿ.”

ಬೆಳಗಿನ ಬಸ್ಸು ಹತ್ತಿ, ಒಂಬತ್ತಕ್ಕೆಲ್ಲ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಹಗ್ಗದ ಪಕ್ಕ ಟವೆಲ್ ಹಾಸಿ ಕೂತೆವು. ಬಿಸಿಲು ಏರಿತು. ಚುರುಮುರಿಯ ವಾಸನೆ, ಪೀಪಿ ಸದ್ದು, ಮರದ ಕೊಂಬೆಗಳಲ್ಲಿ ಜೋತುಬಿದ್ದ ಜನ. ನನಗೆ ಮಂಪರು ಹತ್ತಿತು. ಕಿವಿಯ ಪಕ್ಕದಲ್ಲೇ ಅವನು ಮೆಲ್ಲಗೆ ಮಾತಾಡುತ್ತಿದ್ದ. ಆನೆ ಹೆಜ್ಜೆಗೊಮ್ಮೆ ಅಂಬಾರಿ ತೂಗುತ್ತದಂತೆ, ಅಮ್ಮನ ಮೂಗುತಿಗೆ ಬಿಸಿಲು ತಾಗುತ್ತದಂತೆ, ಸೆರಗು ಅಲ್ಲಾಡುತ್ತದಂತೆ. ನಿದ್ದೆಗಣ್ಣಿನಲ್ಲಿ ನನಗೂ ಮೂಗುತಿ ಹೊಳೆಯಿತು.

ಮಧ್ಯಾಹ್ನದ ಮೇಲೆ ಮೆರವಣಿಗೆ ಹೊರಟಿತು. ಮೊದಲು ಹಿತ್ತಾಳೆಯ ಝಲ್ ಝಲ್ ಕೇಳಿಸಿತು, ಆಮೇಲೆ ಜನರ ತಲೆಗಳ ಮೇಲೆ ಕಂಬದ ತುದಿ ತೇಲಿಬಂತು. ಶಿವಮಲ್ಲಪ್ಪ ಮಂಡಿ ಮರೆತು ಎದ್ದುನಿಂತ. ಕಂಬ ನಮ್ಮೆದುರಿಗೇ ಒಂದು ಗೇಣು ವಾಲಿತು.

“ಕಣ್ ಮ್ಯಾಲಿಡ್ಲಾ ರುದ್ರೇಸಾ!”

ಪಕ್ಕದ ಮಗು ಬೆಚ್ಚಿ ಅತ್ತಿತು. ಕಂಬ ನೆಟ್ಟಗಾಗಿ ಮುಂದೆ ಹೋಯಿತು. ಅವನು ನನ್ನ ತೋಳು ಹಿಡಿದು, “ನಮ್ ಕಂಬ ಇಷ್ಟ್ ಚೆಂದಾಗಿತ್ತಾ ಮೇಷ್ಟ್ರೇ?” ಎಂದ. ಬುಡದಲ್ಲಿ ನಿಂತು ತುದಿಯನ್ನೇ ನೋಡುತ್ತಿದ್ದವನಿಗೆ ಕಂಬವೂ ಇಡಿಯಾಗಿ ಕಂಡಿರಲಿಲ್ಲ.

ಸ್ತಬ್ಧಚಿತ್ರಗಳು ಹೋದವು, ಡೊಳ್ಳು ಹೋಯಿತು, ಕೀಲುಕುದುರೆ ಹೋಯಿತು. ದೂರದಲ್ಲಿ ಕುಶಾಲತೋಪು ಹಾರಿತು. ಆಮೇಲೆ ರಸ್ತೆಯೇ ಉಸಿರು ಹಿಡಿದಂತೆ ಒಂದು ಗಳಿಗೆ. ಸಾವಿರ ಕೈಗಳು ಮೊಬೈಲ್ ಎತ್ತಿದವು. ಇಳಿಬಿಸಿಲಿನಲ್ಲಿ ಚಿನ್ನದ ಅಂಬಾರಿ ತೂಗುತ್ತ ಬಂತು.

“ಬಣ್ಣ ನೋಡಯ್ಯಾ, ಬಣ್ಣ!” ಎಂದು ತಿರುಗಿದೆ. ಶಿವಮಲ್ಲಪ್ಪ ಕೈ ಮುಗಿದಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಮಂಗಳಾರತಿ ಬೆಳಗುವಾಗ ಗುಡಿಯಲ್ಲಿ ನಾವೆಲ್ಲ ಮುಚ್ಚುವ ಹಾಗೆ, ಚಿಕ್ಕಂದಿನ ರೂಢಿ. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರು, ಕೆನ್ನೆಯ ಮೇಲೆ ನೀರು. ಅಷ್ಟು ಸುಖ ಆ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ಅಲುಗಿಸಲು ಕೈ ಬರಲಿಲ್ಲ.

ಅವನು ಕಣ್ಣು ಬಿಟ್ಟಾಗ ಆನೆಯ ಬೆನ್ನು ಕಾಣುತ್ತಿತ್ತು.

“ಯಾವ ಬಣ್ಣ ಮೇಷ್ಟ್ರೇ?”

“ನಿನ್ನ ಮುಖಾನೇ ನೋಡ್ತಾ ನಿಂತುಬಿಟ್ಟೆ ಕಣಯ್ಯಾ.”

ಇಬ್ಬರು ಮುದುಕರು, ನಾಲ್ಕು ಕಣ್ಣು, ಇಡೀ ದಿನದ ಬಿಸಿಲು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಆ ರಾತ್ರಿ ನಮ್ಮ ಮನೆಯಲ್ಲೇ ಮಲಗಿ, ಬೆಳಿಗ್ಗೆ ನನ್ನನ್ನೂ ಜೊತೆಗೆ ಎಳೆದುಕೊಂಡು ಕಳಲೆಗೆ ಹೊರಟ. ಜಗಲಿಯಲ್ಲಿ ಚನ್ನಾಜಮ್ಮ ಕಾಫಿ ಇಟ್ಟು ಬಾಯಿ ತೆರೆಯುವ ಮೊದಲೇ ಇವನು ಶುರುಮಾಡಿದ.

“ನೋಡ್ನಿಲ್ಲ ಕಣಮ್ಮಿ. ಕಣ್ ಮುಚ್ಕಬುಟ್ಟಿ. ಆ ಇಪ್ಪತ್ತೆರಡ್ ವರ್ಸನೂ ನೋಡ್ನಿಲ್ಲ. ಎಲ್ಲಾ ಸುಳ್ಳು.”

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ನಂಗೊತ್ತು. ಮನೇಗ್ ಟೀವಿ ಬಂದು ಎಷ್ಟ್ ವರ್ಸಾಯ್ತು? ನೀವ್ ಯೋಳಿದ್ ಬಣ್ಣ ಒಂದ್ಸಲನಾರ ಸರ್ಯಾಗಿತ್ತಾ?”

“ಮತ್ಯಾಕ್ ಕೇಳ್ತಿದ್ದೆ?”

“ಟೀವಿದ್ಕಿಂತ ನಿಮ್ದೇ ಚೆಂದಾಗಿರ್ತಿತ್ತು. ನೆನ್ನೆ ಟೀವಿ ಆಕ್ಲೇ ಇಲ್ಲ ನಾನು, ನೀವ್ ಬಂದು ಯೋಳ್ಲಿ ಅಂತ.” ಮೆಟ್ಟಿಲ ಮೇಲೆ ಕೂತು ಮುಖ ಮೇಲೆತ್ತಿದಳು. “ಯೋಳಿ ಈಗ. ಯಾವ ಸೀರೆ ಉಟ್ಟಿದ್ರು?”

ಶಿವಮಲ್ಲಪ್ಪ ನನ್ನ ಕಡೆ ನೋಡಿದ. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿದ.

“ಗಿಳಿ ಅಸ್ರು,” ಎಂದ. “ಕೆಂಪಂಚು.”