ದಟ್ಟಗಳ್ಳಿಯ ಕಾವಲು ಬುರುಜು

ರಾಜ್ಯೋತ್ಸವದ ಮೆರವಣಿಗೆಗೆ ಮೈಸೂರಿನ ನಮ್ಮ ದಟ್ಟಗಳ್ಳಿ ಬಡಾವಣೆಯ ಸಂಘದಿಂದ ಸ್ತಬ್ಧಚಿತ್ರ ಮಾಡುವುದೆಂದು ತೀರ್ಮಾನವಾಯಿತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ವಿಷಯ ಹುಡುಕುವ ಕೆಲಸ ನನ್ನ ತಲೆಗೇ ಬಿತ್ತು. ಆನೆ, ಅಂಬಾರಿ ಎಲ್ಲರಿಗೂ ಸಾಕಾಗಿತ್ತು. ಮೈಸೂರಿನ ಸುಲ್ತಾನ ಮಂಗಳೂರಿನಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜನ್ನು ಮಾಡೋಣವೆಂದೆ.

ಸಂಘದ ಅಧ್ಯಕ್ಷರು ನಿವೃತ್ತ ಇಂಜಿನಿಯರು. "ಮೈಸೂರಿಗೆ ಸಮುದ್ರ ಎಲ್ಲಿಂದ ಬಂತು ಮೇಡಂ?" ಎಂದರು.

"ಆಗ ರಾಜ್ಯ ಕರಾವಳಿವರೆಗೂ ಇತ್ತು ಸಾರ್. ಇಂಗ್ಲಿಷರು ಒಂದ್ಸಲ ಹಡಗಲ್ಲಿ ಬಂದು ಮಂಗಳೂರು ಹಿಡಿದಿದ್ರು. ಮತ್ತೆ ಬಂದು ಅಲ್ಲಿನ ನದಿಯೊಳಕ್ಕೆ ನುಗ್ಗಬಾರದು ಅಂತ ಈ ಬುರುಜು. ಗೋಡೆ ಸುತ್ತ ಫಿರಂಗಿ ಕಿಂಡಿ, ಕೆಳಗೆ ಮದ್ದಿನ ಕೋಣೆ. ಯುದ್ಧದ ಹಡಗುಗಳನ್ನ ಕಟ್ಟೋಕೂ ಸುಲ್ತಾನನ ಅಪ್ಪಣೆ ಆಗಿತ್ತು."

ಅವರು ಇಷ್ಟನ್ನೂ ಕೇಳಿ, "ಮೇಲೆ ಯಾರು ನಿಲ್ತಾರೆ?" ಎಂದರು.

"ಕಾವಲುಗಾರ."

"ಅದು ನಾನೇ ಕಣ್ರೀ," ಎಂದುಬಿಟ್ಟರು. ಅಲ್ಲಿಗೆ ವಿಷಯ ಮಂಜೂರಾಯಿತು.

ಮಂಡಿ ಮೊಹಲ್ಲಾದಿಂದ ಬೊಂಬು, ಗೋಣಿತಾಟು, ಪ್ಲೈವುಡ್ ಬಂದವು. ಪೈಪುಗಳಿಗೆ ಕಪ್ಪು ಬಣ್ಣ ಬಳಿದು ಫಿರಂಗಿ ಮಾಡಿದೆವು. ಸಮುದ್ರಕ್ಕೆ ಬಟ್ಟೆ ಸಾಲದೆ ನಮ್ಮ ಅತ್ತೆಯ ನೀಲಿ ಸೀರೆಯನ್ನೂ ಹಾಸಿದೆ. ಅತ್ತೆ ಇಲವಾಲದವರು. "ಎಂಗೋ ನನ್ ಸೀರೆ ಸಮುದ್ರ ಕಂಡ್ಬುಡ್ತು ಬುಡು," ಎಂದರು.

ಮೆರವಣಿಗೆಯ ಬೆಳಿಗ್ಗೆ ಅಧ್ಯಕ್ಷರು ಹುರಿಮೀಸೆ ಅಂಟಿಸಿಕೊಂಡು, ಕೈಯಲ್ಲಿ ದುರ್ಬೀನು ಹಿಡಿದು ಬುರುಜು ಹತ್ತಿದರು. ಸ್ತಬ್ಧಚಿತ್ರ ಹೊತ್ತ ಲಾರಿ ಹೊರಟಿತು. ಅಡ್ಡರಸ್ತೆಯ ತಿರುವಿನಲ್ಲಿ ಟೀವಿ ಕೇಬಲ್ಲೊಂದು ಜೋತುಬಿದ್ದಿತ್ತು. ಕಾವಲುಗಾರರ ದೃಷ್ಟಿಯೆಲ್ಲ ಬಹುದೂರದ ಹಡಗುಗಳ ಮೇಲಿತ್ತು. ನಾವು ಕೂಗಿದ್ದು ಡೊಳ್ಳಿನ ಸದ್ದಿನಲ್ಲಿ ಕೇಳಲಿಲ್ಲ. ಕೇಬಲ್ಲು ಬುರುಜಿನ ತಲೆಯನ್ನು ಕಿತ್ತುಕೊಂಡಿತು. ಅಧ್ಯಕ್ಷರು ಮೆಲ್ಲಗೆ ಜಾರಿ ಅತ್ತೆಯ ಸೀರೆಯ ಮೇಲೆ ಕುಳಿತರು. ಮೀಸೆ ಒಂದೇ ಕಡೆ ಉಳಿದಿತ್ತು.

ಪೆಟ್ಟೇನೂ ಆಗಿರಲಿಲ್ಲ. ಆದರೆ ಅವರ ಮುಖ ನೋಡಿ ನನಗೆ ನಗು ಬರಲಿಲ್ಲ. ಜನ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮೈಕು ತೆಗೆದುಕೊಂಡೆ.

"ಮಹನೀಯರೇ, ಇದೂ ಇತಿಹಾಸವೇ. ಶತ್ರುಗಳು ಮತ್ತೆ ಬಂದು ಒಳಗೆ ಕೂರಬಾರದೆಂದು ಸುಲ್ತಾನ ಮಂಗಳೂರಿನ ತನ್ನದೇ ಕೋಟೆಯನ್ನು ಕೆಡವಿಸಿದ."

ನಗು ಚಪ್ಪಾಳೆಗೆ ತಿರುಗಿತು. ಅಧ್ಯಕ್ಷರು ಎದ್ದು ನಿಂತು, ತಾವೇ ಕೆಡವಿಸಿದವರಂತೆ ಗಂಭೀರವಾಗಿ ಕೈಬೀಸಿದರು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು: "ಕೆಡವ್ಸಿದ್ದು ದಿಟವಾ, ಇಲ್ಲಾ ಆ ಅಪ್ಪನ ಮಾನ ಉಳ್ಸಕ್ಕೆ ಯೋಳ್ದ್ಯಾ?"

"ದಿಟ ಕಣತ್ತೆ."

"ಕೋಟೆ ಕೆಡವಿದ್ಮೇಲೆ ಅವ್ರು ಬರ್ಲಿಲ್ವಾ?"

"ಬಂದ್ರು. ಘಟ್ಟ ಹತ್ತಿ, ಬೇರೆ ದಾರೀಲಿ."

ಅತ್ತೆ, "ಅಂಗಾರೆ ದೂರದ್ ಹಡಗು ನೋಡೋರ್ಗೆ ಅತ್ರದ್ ದಾರಿ ಕಾಣಕ್ಕಿಲ್ಲ ಅಂತ ಆ ಅಪ್ಪಂಗೆ ಯೋಳ್ದೇ ಇದ್ಮೇಲೆ, ಇಷ್ಟು ವರ್ಸ ಏನ್ ಪಾಠ ಮಾಡ್ದೆ ನೀನು?" ಎಂದು ಒಳಗೆ ಹೋದರು.