ಅಲಮೇಲು ಮತ್ತು ಗರಿಯಿಲ್ಲದ ಗರಿಹುಲ್ಲು

ಹುಲ್ಲಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಹಸುವಿನ ಹೊಟ್ಟೆಯಲ್ಲೇ ಹುಟ್ಟಿರಬೇಕು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬರಿಗಾಲಲ್ಲಿ ಬೆಳೆದವನು ನಾನು. ಅಲ್ಲಿನ ಊಬಿನ ಹುಲ್ಲು ಎಂಥದೆಂದರೆ, ನನ್ನ ಹತ್ತನೆಯ ವಯಸ್ಸಿನಲ್ಲಿ ಅಂಗಾಲಿಗೆ ಹೊಕ್ಕ ಸೂಜಿಯಂಥ ಒಂದು ಊಬು ಮೂವತ್ತು ವರ್ಷ ಮೈಯೊಳಗೆಲ್ಲ ಪ್ರವಾಸ ಮಾಡಿ, ಸಿಂಗಪುರದ ತಂಜಾಂಗ್ ಪಗಾರಿನ ಬ್ಯಾಂಕಿನಲ್ಲಿ ನಾನು ಮೀಟಿಂಗಿಗೆ ಕೂತಿದ್ದಾಗ ನೆತ್ತಿಯಿಂದ ಹೊರಬಂತು. ಈಗ ನನ್ನ ತಲೆಯಲ್ಲಿ ಉಳಿದಿರುವ ಕೂದಲಲ್ಲಿ ಗಟ್ಟಿಯಾದದ್ದು ಅದೊಂದೇ.

ಇಷ್ಟೆಲ್ಲ ಅರ್ಹತೆಯಿದ್ದ ನನಗೆ, ಅಚ್ಯುತನೆಂಬ ರಿಟೈರಾದ ಬ್ಯಾಂಕ್ ಮ್ಯಾನೇಜರಿಗೆ, 1997ರಲ್ಲಿ ಒಬ್ಬ ಹೆಂಗಸು ಹುಲ್ಲಿನ ಪಾಠ ಹೇಳಿದಳು.

ಆಕೆಯ ಹೆಸರು ಅಲಮೇಲು. ಚೋವಾ ಚು ಕಾಂಗಿನಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟು. ಗಂಡ ಅಶ್ವತ್ಥನಾರಾಯಣ ಹಡಗು ರಿಪೇರಿಯ ಎಂಜಿನಿಯರು. ಮಾತನ್ನೆಲ್ಲ ಲಿಫ್ಟಿನಲ್ಲೇ ಮರೆತು ಮನೆಯೊಳಗೆ ಬರುವ ಮನುಷ್ಯ. ಅಲಮೇಲು ಮೈಸೂರಿನಲ್ಲಿ 1965ರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ಆಗ ಅವಳ ಮೇಷ್ಟರು ಲಡಾಖಿನ ಕಡೆಯಿಂದ ತಂದ ಒಣ ಹುಲ್ಲಿನ ಹನ್ನೆರಡು ಹಾಳೆಗಳನ್ನು ಕೈಗಿತ್ತು, ಇದರ ಮೇಲೆ ಪ್ರಬಂಧ ಬರಿ ಎಂದರಂತೆ. ಆ ಹುಲ್ಲಿನ ಕುಲಕ್ಕೆ ಶಾಸ್ತ್ರದಲ್ಲಿ ಸ್ಟೈಪಾ ಎಂದು ಹೆಸರು. ನಾವು ಗರಿಹುಲ್ಲು ಎನ್ನಬಹುದು. ಒಣ ಬಯಲು, ಚಳಿಗಾಳಿ ಇದ್ದಲ್ಲಿ ಬಾಳುವ ಹುಲ್ಲು ಅದು. ಮೈಸೂರಿನಲ್ಲಿ ಬೆಳೆಯದು. ಸಿಂಗಪುರದಲ್ಲಿ ನೆಟ್ಟರೆ ಮೂರನೇ ದಿನಕ್ಕೆ ನೆಗಡಿಯಾಗಿ ಸತ್ತೀತು. ಜೀವಂತ ಗರಿಹುಲ್ಲನ್ನು ಈಕೆ ಒಂದು ಸಲವೂ ಕಂಡವಳಲ್ಲ. ಕಾಗದಕ್ಕಂಟಿಸಿದ ಹನ್ನೆರಡು ಹೆಣಗಳನ್ನು ನೋಡಿ ಇಡೀ ವಂಶದ ಮೇಲೆ ಜೀವಮಾನದ ಮೋಹ ಬೆಳೆಸಿಕೊಂಡಿದ್ದಳು. ಜಗತ್ತಿನಲ್ಲಿ ಇದಕ್ಕಿಂತ ನಿರುಪಯೋಗಿಯಾದ ವಿದ್ಯೆಯೊಂದಿದ್ದರೆ ಅದು ನನ್ನ ಬಿ.ಕಾಂ. ಮಾತ್ರ.

ಸಿಂಗಪುರಕ್ಕೆ ಬಂದು ಇಪ್ಪತ್ತೆರಡು ವರ್ಷ ಆ ಎಂ.ಎಸ್ಸಿ. ಕೊತ್ತಂಬರಿ ಸೊಪ್ಪು ಬಿಡಿಸುವುದಕ್ಕೆ ಬಳಕೆಯಾಯಿತು. ಆದರೂ ಯಾರ ಮನೆಯ ಆರತಿಗೆ ಹೋದರೂ, ಮಾತು ಎಲ್ಲಿಂದ ಶುರುವಾದರೂ, ಕಾಲು ಗಂಟೆಯಲ್ಲಿ ಗರಿಹುಲ್ಲಿಗೆ ಬಂದು ನಿಲ್ಲುತ್ತಿತ್ತು. ಒಮ್ಮೆ ಒಂದು ಗೃಹಪ್ರವೇಶದಲ್ಲಿ ಹೋಳಿಗೆ ಕೈಯಲ್ಲಿಟ್ಟುಕೊಂಡು ನನಗೇ ಶುರುಮಾಡಿದಳು.

"ಗರಿಹುಲ್ಲಿನ ಒಂದು ಕಿರುತೆನೇಲಿ ಒಂದೇ ಹೂವು, ಅಚ್ಯುತ ಅವ್ರೇ. ಆ ಕಡೆ ಈ ಕಡೆ ಎರಡು ತೆಳ್ಳನೆ ಹೊಟ್ಟು, ಮಧ್ಯೆ ಒಂದೇ ಒಂದು."

"ಗಂಡ, ಹೆಂಡ್ತಿ, ಒಂದು ಮಗು. ಕಾಂಡೋ ಫ್ಯಾಮಿಲಿ ಅನ್ನಿ," ಎಂದೆ.

"ಕಾಂಡೋದಲ್ಲಿ ಮಗು ಮನೆ ಬಿಟ್ರೆ ಅಪ್ಪ ಅಮ್ಮ ಹಿಂದೇನೇ ಓಡ್ತಾರೆ. ಇಲ್ಲಿ ಹಾಗಿಲ್ಲ. ಕಾಳು ಒಂದೇ ಉದುರತ್ತೆ, ಹೊಟ್ಟು ಎರಡೂ ಗಿಡದ ಮೇಲೇ ಖಾಲಿ ಕೂತಿರತ್ವೆ. ಅದನ್ನ ನೋಡೇ ಬಳಗ ಹೇಳ್ಬೋದು."

ನಾನು ಎರಡನೇ ಹೋಳಿಗೆಯ ನೆಪ ಹೇಳಿ ತಪ್ಪಿಸಿಕೊಂಡೆ.

1993ರಲ್ಲಿ ಆಕೆಗೆ ಕೆಲಸ ಕೊಟ್ಟವನು ದ್ವಾರಕನಾಥ್. ಮಂಡ್ಯದ ಹುಡುಗ, ಹುಡುಗ ಎಂದರೆ ನಲವತ್ತೈದು. ಉಬಿ ಎಂಬ ಬಡಾವಣೆಯಲ್ಲಿ ಕಾರು ರಿಪೇರಿಯ ಶೆಡ್ಡುಗಳ ನಡುವೆ ಅವನದೊಂದು ಗೋಡೌನು. ವಿಸಿಟಿಂಗ್ ಕಾರ್ಡಿನಲ್ಲಿ 'ಆನಿಮಲ್ ನ್ಯೂಟ್ರಿಷನ್ ಸೊಲ್ಯೂಷನ್ಸ್' ಎಂದು ಚಿನ್ನದ ಅಕ್ಷರ. ಹುಲ್ಲು ಮಾರುತ್ತಾನೆ ಎಂಬ ಸಂಗತಿ ಕಾರ್ಡಿನ ಎರಡು ಬದಿ ಹುಡುಕಿದರೂ ಸಿಗುತ್ತಿರಲಿಲ್ಲ. ಆಸ್ಟ್ರೇಲಿಯಾದಿಂದ ಒಣ ಹುಲ್ಲಿನ ಪೆಂಡಿ ತರಿಸಿ, ಸವಾರಿ ಶಾಲೆಯ ಕುದುರೆಗಳಿಗೂ ಶ್ರೀಮಂತರ ಮನೆಯ ಮೊಲಗಳಿಗೂ ಹಂಚುವುದು ಅವನ ಸೊಲ್ಯೂಷನ್ನು.

ಅಲ್ಲಿ ಅಲಮೇಲುವಿಗೆ ಕಿಟಕಿ ಪಕ್ಕ ಒಂದು ಟೇಬಲು. ಪ್ರತಿ ಪೆಂಡಿಯ ಹೊಟ್ಟೆಯೊಳಗೆ ಕೈ ಹಾಕಿ ಒಂದು ಹಿಡಿ ಎಳೆಯುವುದು, ಬಿಳಿ ಎನಾಮೆಲ್ ತಟ್ಟೆಯ ಮೇಲೆ ಕೊಡವುವುದು, ಉದುರಿದ್ದನ್ನು ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಎತ್ತಿ ಭೂತಗನ್ನಡಿಯಲ್ಲಿ ನೋಡುವುದು. ಪುಣ್ಯಾತ್ಗಿತ್ತಿ ಕುದುರೆಯ ಊಟದಲ್ಲಿ ಕಲ್ಲು ಆರಿಸುತ್ತಾಳೆ ಎಂದು ನಾವೆಲ್ಲ ನಗುತ್ತಿದ್ದೆವು. ಆದರೆ ಐವತ್ತರ ಹತ್ತಿರ ಬಂದಾಗ ಸಿಕ್ಕ ಮೊದಲ ಟೇಬಲು ಅದು. ಭಾನುವಾರವೂ ಹೋಗಿ ಒರೆಸಿ ಬರುತ್ತಿದ್ದಳಂತೆ.

1997ರ ಜೂನ್‌ನಲ್ಲಿ ದ್ವಾರಕನಾಥ್ ನನಗೆ ಫೋನು ಮಾಡಿದ. "ಅಂಕಲ್, ಸ್ವಲ್ಪ ಅರ್ಜೆಂಟಾಗಿ ಬನ್ನಿ. ಅಲಮೇಲು ಆಂಟಿ ಇಡೀ ಕಂಟೇನರ್ ಹೋಲ್ಡ್ ಮಾಡ್ಬಿಟ್ಟಿದಾರೆ. ಕುದುರೆಯೋರು ಕಾಯ್ತಿದಾರೆ. ನಿಮಗೆ ಹುಲ್ಲು ಗೊತ್ತಲ್ಲ."

ನನಗೆ ಹುಲ್ಲು ಗೊತ್ತೆಂಬ ಸುದ್ದಿಯನ್ನು ಹಬ್ಬಿಸಿದವನು ನಾನೇ. ಹೋಗದೆ ವಿಧಿಯಿರಲಿಲ್ಲ.

ತಟ್ಟೆಯಲ್ಲಿ ಹತ್ತಾರು ಸೂಜಿಗಳು ಬಿದ್ದಿದ್ದವು. ಕಾಳಿನ ಬುಡ ಚೂಪು, ತುದಿಯಲ್ಲಿ ಉದ್ದನೆಯ ಊಬು. ಊಬಿನ ಕೆಳಭಾಗ ಹಗ್ಗದಂತೆ ಹೊಸೆದುಕೊಂಡು, ನಡುವೆ ಮೊಣಕಾಲಿನಂತೆ ಮಡಚಿತ್ತು. ನಾನು ನಕ್ಕುಬಿಟ್ಟೆ.

"ಇದು ನಮ್ಮ ಊಬಿನ ಹುಲ್ಲು ಕಣಯ್ಯ. ಚಾಮುಂಡಿ ಬೆಟ್ಟದ ತುಂಬ ಇದೇ. ಅಲ್ಲಿ ಕುದುರೆ, ಕತ್ತೆ, ಮುನಿಸಿಪಾಲಿಟಿ ಮೆಂಬರ್ರು, ಎಲ್ಲಾ ತಿಂದ್ಕೊಂಡು ಚೆನ್ನಾಗೇ ಇದ್ರು."

"ಎಳೇದಾಗಿದ್ದಾಗ ತಿಂತವೆ," ಎಂದಳು ಅಲಮೇಲು. "ಆಮೇಲೆ ಕತ್ತೇನೂ ಮುಟ್ಟಲ್ಲ. ಮೆಂಬರ್ ವಿಷ್ಯ ನಂಗೊತ್ತಿಲ್ಲ." ಹಾಗೆನ್ನುತ್ತ ಒಂದು ಸೂಜಿಯ ಮೇಲೆ ನೀರು ತೊಟ್ಟಿಕ್ಕಿಸಿದಳು. ಹೊಸೆದ ಊಬು ನಿಧಾನವಾಗಿ ಬಿಚ್ಚಿಕೊಳ್ಳುತ್ತ, ಕೈಕಾಲಿದ್ದ ಪ್ರಾಣಿಯಂತೆ ತಟ್ಟೆಯ ಮೇಲೆ ಸುತ್ತತೊಡಗಿತು. "ಒದ್ದೆಯಾದ್ರೆ ಬಿಚ್ಕೊಳತ್ತೆ, ಒಣಗಿದ್ರೆ ಸುತ್ಕೊಳತ್ತೆ. ಹಾಗೇ ತಿರುಪಿನ ಥರ ಮಣ್ಣೊಳಗೆ ಇಳಿಯತ್ತೆ. ಕುದುರೆ ಬಾಯಲ್ಲಾದ್ರೆ ಮಣ್ಣಿಲ್ವಲ್ಲ, ಒಸಡಿಗೇ ಇಳಿಯತ್ತೆ."

"ನಮ್ಮ ಬೆಟ್ಟದ್ದೂ ತಿರುಗತ್ತೆ."

"ತಿರುಗತ್ತೆ. ಅದಕ್ಕೇ ಮೈಸೂರೋರೆಲ್ಲ ಮೋಸ ಹೋಗೋದು. ಇಲ್ಲಿ ನೋಡಿ. ನಿಮ್ಮ ಬೆಟ್ಟದ ಹುಲ್ಲು ಜೋಡಿ ಜೋಡಿಯಾಗಿ ಹುಟ್ಟತ್ತೆ, ಒಂದಕ್ಕೆ ಊಬು, ಪಕ್ಕದ್ದು ಬೋಳು. ಉದುರುವಾಗ ಹೊರಗಿನ ಗಟ್ಟಿ ಹೊಟ್ಟು ಕೋಟಿನ ಥರ ಹಾಕ್ಕೊಂಡೇ ಉದುರತ್ತೆ. ಇದು ಕೋಟು ಗಿಡದ ಮೇಲೇ ಬಿಟ್ಟು ಬಂದಿದೆ. ಒಳಗಿನ ಹೊದಿಕೆ ಒಂದೇ, ಕಾಳಿಗೆ ಬಿಗಿಯಾಗಿ ಸುತ್ಕೊಂಡಿದೆ. ನಿಮ್ಮದು ಕಬ್ಬು, ಜೋಳದ ಕಡೇದು. ಇದು ಗೋಧಿ, ಓಟ್ಸ್ ಕಡೇದು. ನಂಟೇ ಇಲ್ಲ. ಇದು ಸ್ಟೈಪಾ."

"ಗರಿ ಎಲ್ಲಿ ಮತ್ತೆ?"

"ಆಸ್ಟ್ರೇಲಿಯಾದಲ್ಲಿ ಸುಮಾರು ಜಾತಿಗೆ ಗರಿ ಇರಲ್ಲ. ಸಣ್ಣ ರೋಮ ಅಷ್ಟೆ."

"ಗರಿ ಇಲ್ಲದ ಗರಿಹುಲ್ಲು. ತುಪ್ಪ ಇಲ್ಲದ ಮೈಸೂರುಪಾಕು," ಎಂದೆ ದ್ವಾರಕನಾಥನ ಕಡೆ ತಿರುಗಿ. ಅವನು ನಕ್ಕ. ಆ ನಗು ನನ್ನ ತಲೆಗೇರಿತು. ತಟ್ಟೆಯಿಂದ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡು, ಎಲೆಯಡಿಕೆ ಜಗಿದಂತೆ ಜಗಿದೆ.

"ಉಗೀರಿ," ಎಂದಳು ಅಲಮೇಲು.

ನಾನು ನುಂಗಿದೆ. ಬಹುಪಾಲು ನುಂಗಿದೆ.

ದ್ವಾರಕನಾಥ್ ಅಡಿಲೇಡಿನಲ್ಲಿದ್ದ ಯಾರೋ ಹುಲ್ಲಿನ ಪಂಡಿತರಿಗೆ ಮಾದರಿಯನ್ನೂ ಅಲಮೇಲು ಬರೆದ ಟಿಪ್ಪಣಿಯನ್ನೂ ಕೊರಿಯರ್ ಮಾಡಲು ಒಪ್ಪಿದ, ಒಂದು ಷರತ್ತಿನ ಮೇಲೆ. "ಆಂಟಿ, ಅವ್ರು ನೀವು ಹೇಳಿದ್ದಲ್ಲ ಅಂದ್ರೆ ಈ ಚೆಕಿಂಗೆಲ್ಲ ಕ್ಲೋಸ್ ಮಾಡೋಣ. ನಂಗೂ ಸಾಕಾಗಿದೆ."

"ತಪ್ಪಿದ್ರೆ ನಾನೇ ಟೇಬಲ್ ಖಾಲಿ ಮಾಡ್ತೀನಿ," ಎಂದಳು.

ನಾಲ್ಕನೇ ದಿನ ನನ್ನ ಬಲಗೆನ್ನೆ ಊದಿತು. ಎಷ್ಟು ಊದಿತೆಂದರೆ, ಎಂ.ಆರ್.ಟಿ. ರೈಲಿನಲ್ಲಿ ಒಬ್ಬ ಚೀನೀ ಮುದುಕಿ ಎದ್ದು ನನಗೊಂದು, ನನ್ನ ಕೆನ್ನೆಗೊಂದು, ಎರಡು ಸೀಟು ಬಿಡಿಸಿಕೊಟ್ಟಳು. ಹಲ್ಲಿನ ಡಾಕ್ಟರಮ್ಮ ಒಸಡಿನೊಳಗೆ ಇಕ್ಕಳ ತೂರಿಸಿ ಅರ್ಧ ಅಂಗುಲದ ಸೂಜಿಯೊಂದನ್ನು ಎಳೆದು ತೆಗೆದು ದೀಪಕ್ಕೆ ಹಿಡಿದಳು. ಬುಡದ ಸುತ್ತ ಹಿಮ್ಮುಖವಾದ ರೋಮಗಳು. ಹೋಗುವುದಕ್ಕೆ ದಾರಿಯುಂಟು, ಬರುವುದಕ್ಕಿಲ್ಲ.

"ವಾಟ್ ಯು ಈಟ್, ಅಂಕಲ್?"

"ಸಲಾಡ್," ಎಂದೆ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ವಿದ್ಯೆಯಲ್ಲ. ಸಿಕ್ಕವರಿಗೆಲ್ಲ ಕೋಡುಬಳೆ ಗಟ್ಟಿಯಾಗಿತ್ತು ಎಂದುಬಿಟ್ಟೆ. ಮಾಡಿಕೊಟ್ಟಿದ್ದ ಬಡಪಾಯಿ ನೆಂಟರಿಗೆ ಅಪಖ್ಯಾತಿ ಬಂತು.

ಮೂರು ವಾರದ ಮೇಲೆ ಫ್ಯಾಕ್ಸು ಬಂತು. ಸಾಕ್ಷಿಗೆಂದು ದ್ವಾರಕನಾಥ್ ನನ್ನನ್ನೂ ಕರೆಸಿದ್ದ. ಕಾಗದವನ್ನು ಹಿಡಿದು ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ನೀವು ಕಳಿಸಿದ ಮಾದರಿ ಸ್ಟೈಪಾ ಅಲ್ಲ, ಎಂದಿತ್ತು. ಅಷ್ಟಕ್ಕೇ ಕಾಗದ ಮಡಚಿ, ಗೋಡೌನಿನ ಕಡೆ ಮುಖ ಮಾಡಿ, ಲಾರಿಗೆ ಲೋಡ್ ಮಾಡಿ ಎಂದು ಕೂಗಿದ. ಮೊದಲ ಸಾಲಿಗಿಂತ ಮುಂದೆ ಓದುವುದು ಕೈಕೆಳಗಿನವರ ಕೆಲಸವೆಂದು ತಿಳಿದ ಜಾತಿ ಅದು. ನಮ್ಮ ಬ್ಯಾಂಕಿನಲ್ಲೂ ಹೇರಳವಾಗಿತ್ತು.

ಅಲಮೇಲು ಟೇಬಲ್ ಖಾಲಿ ಮಾಡತೊಡಗಿದಳು. ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿದಳು. ಚಿಮಟವನ್ನು ವ್ಯಾನಿಟಿ ಬ್ಯಾಗಿಗೆ ಹಾಕಿದಳು. ತಟ್ಟೆಯನ್ನು ತೊಳೆದು ಬೋರಲು ಹಾಕಿದಳು. ಆಮೇಲೆ, "ಪೂರ್ತಿ ಒಂದ್ಸಲ ಓದ್ಲಾ?" ಎಂದಳು.

"ಓದಕ್ಕೇನಿದೆ ಆಂಟಿ. ಅಲ್ಲ ಅಂದ್ರೆ ಅಲ್ಲ."

ನನ್ನ ನಾಲಿಗೆ ತಾನಾಗಿಯೇ ಒಸಡಿನ ತೂತಿನ ಕಡೆ ಹೋಯಿತು. ಫ್ಯಾಕ್ಸನ್ನು ನಾನು ಅವನ ಕೈಯಿಂದ ಕಿತ್ತುಕೊಂಡದ್ದು ನ್ಯಾಯಕ್ಕಾಗಿ ಎಂದು ಯಾರೂ ತಿಳಿಯಬಾರದು. ನನ್ನ ಬಾಯಿಯನ್ನು ಭೂಮಿಯೆಂದು ಬಗೆದು ಬಿತ್ತನೆಯಾಗಿದ್ದು ಯಾವ ಬೆಳೆ ಎಂದು ತಿಳಿಯುವ ಹಕ್ಕು ನನಗಿತ್ತು.

ಓದಿದೆ. ಆಸ್ಟ್ರೇಲಿಯಾದ ಜಾತಿಗಳನ್ನೆಲ್ಲ ಕಳೆದ ವರ್ಷವಷ್ಟೇ ಸ್ಟೈಪಾದಿಂದ ಬೇರೆ ಮಾಡಿ, ಆಸ್ಟ್ರೋಸ್ಟೈಪಾ ಎಂಬ ಹೊಸ ಕುಲದಲ್ಲಿ ಇಡಲಾಗಿದೆ. ಪಂಗಡ ಅದೇ, ಗುಣ ಅದೇ. ಕಿರುತೆನೆ, ಹೊಟ್ಟು, ಊಬಿನ ಬಗ್ಗೆ ನಿಮ್ಮ ಮಹಿಳೆ ಬರೆದ ಟಿಪ್ಪಣಿಯಲ್ಲಿ ತಿದ್ದುವಂಥದ್ದೇನೂ ಇಲ್ಲ. ಈ ಹುಲ್ಲನ್ನು ಬಾಯಿರುವ ಯಾವ ಪ್ರಾಣಿಗೂ ಹಾಕಬೇಡಿ.

ಹುಲ್ಲು ಅಲ್ಲಾಡಿರಲಿಲ್ಲ, ಇಬ್ಬರು ಪಂಡಿತರು ಕೂತು ಅದರ ಮನೆಯ ನಂಬರು ಬದಲಾಯಿಸಿದ್ದರು. ಆ ಖಂಡದಲ್ಲಿ ಕುರಿಗಳಿಗೆ ಮಾಡಲು ಎಷ್ಟು ಕೆಲಸವಿದೆಯೋ, ವಿದ್ವಾಂಸರಿಗೂ ಅಷ್ಟೇ ಇರಬೇಕು.

ದ್ವಾರಕನಾಥ್ ಜಗ್ಗಲಿಲ್ಲ. "ಇದೆಲ್ಲ ಥಿಯರಿ ಅಂಕಲ್. ಇಷ್ಟು ವರ್ಷದಲ್ಲಿ ಯಾರ ಬಾಯಿಗೆ ಚುಚ್ಚಿದೆ ಹೇಳಿ."

ಹೊರಗೆ ಲಾರಿಯ ಹಿಂಬಾಗಿಲು ತೆರೆದ ಸದ್ದಾಯಿತು. ಅಲಮೇಲು ಬ್ಯಾಗು ಹೆಗಲಿಗೇರಿಸಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದೆ.

"ಇಲ್ಲಿ," ಎಂದೆ. ಬೆರಳು ಬಾಯಲ್ಲಿದ್ದುದರಿಂದ ಅದು ಬೇರೇನೋ ಆಗಿ ಕೇಳಿಸಿತು; ಆದರೆ ತೂತು ತಾನೇ ಮಾತಾಡಿತು. ಅಲಮೇಲು ಕರವಸ್ತ್ರ ಬಿಚ್ಚಿ ಭೂತಗನ್ನಡಿ ತೆಗೆದು ನನ್ನ ಒಸಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ಆಸ್ಥೆಯಿಂದ ನನ್ನನ್ನು ನನ್ನ ಹೆಂಡತಿಯೂ ನೋಡಿರಲಿಲ್ಲ. ಆಮೇಲೆ ಭೂತಗನ್ನಡಿಯನ್ನು ದ್ವಾರಕನಾಥನ ಕೈಗೆ ಕೊಟ್ಟಳು. ಅವನೂ ನೋಡಿದ. ನೋಡಿ ಗೋಡೌನಿಗೆ ಹೋದ. ಲಾರಿಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ವಾಪಸು ಬಂದವನು ಗೋಡೆ ನೋಡುತ್ತ, "ಮುಂದಿನ ಕಂಟೇನರ್ ಥರ್ಸ್‌ಡೇ ಬರತ್ತೆ ಆಂಟಿ, ಬೇಗ ಬನ್ನಿ," ಎಂದ. ಕ್ಷಮೆ ಎಂಬ ಪದವೂ ಅವನ ಕಾರ್ಡಿನಲ್ಲಿರಲಿಲ್ಲ.

ಅಲಮೇಲು ತಟ್ಟೆಯನ್ನು ಮಗುಚಿ ನೆಟ್ಟಗೆ ಇಟ್ಟಳು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಮಾನದಲ್ಲಿ ಉಳಿದದ್ದನ್ನಾದರೂ ಮನೆಗೊಯ್ಯಬೇಕಿತ್ತು.

"ಏನೇ ಹೇಳಿ ಅಲಮೇಲು, ಮೂವತ್ತು ವರ್ಷ ಸ್ಟೈಪಾ ಸ್ಟೈಪಾ ಅಂತ ನಮ್ಮೆಲ್ಲರ ಕಿವಿ ತೂತು ಮಾಡಿದ್ರಿ. ಕೊನೇಗೆ ಆ ಹೆಸರೇ ತಪ್ಪಾಯ್ತಲ್ಲ."

ಆಕೆ ಚಿಮಟವನ್ನು ಸೆರಗಿನಲ್ಲಿ ಒರೆಸಿ ತಟ್ಟೆಯ ಪಕ್ಕದಲ್ಲಿಟ್ಟಳು.

"ಮದ್ವೆ ಆದಾಗ ನಂದೂ ಇನಿಷಿಯಲ್ ಚೇಂಜ್ ಮಾಡಿದ್ರು, ಅಚ್ಯುತ ಅವ್ರೇ. ಅವತ್ತಿಂದ ಚುಚ್ಚೋದು ಬಿಟ್ಟಿದೀನಾ ಅಂತ ನಮ್ಮೆಜಮಾನ್ರನ್ನ ಒಂದ್ಸಲ ಕೇಳಿ ನೋಡಿ."