ನಲ್ಲಿಗೆ ಕಟ್ಟಿದ ತಂತಿ

ನನ್ನ ತಂಗಿಗೆ ಮೂರ್ಛೆ ರೋಗವಿರಲಿಲ್ಲ. ಈ ಒಂದು ಸಾಲು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿ ಮುಗಿಸಿ, ತುಮಕೂರಿನಲ್ಲಿ ಒಬ್ಬರ ಕೈಕೆಳಗೆ ಎರಡು ವರ್ಷ ಕೆಲಸ ಕಲಿತು, ಮಧುಗಿರಿ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟಿದ್ದೆ. ಮಿಡಿಗೇಶಿ, ಬಡವನಹಳ್ಳಿ ಕಡೆಯವರು ಕೆಟ್ಟ ಇಸ್ತ್ರಿಪೆಟ್ಟಿಗೆ, ಫ್ಯಾನುಗಳನ್ನು ಪಂಚೆಯಲ್ಲಿ ಗಂಟುಕಟ್ಟಿ ತರುತ್ತಿದ್ದರು. ‘ಆವಯ್ಯ ಕೈ ಹಾಕಿದ್ರೆ ಮುಗೀತು’ ಎಂಬ ಮಾತು ನನ್ನ ಕಿವಿಗೂ ಬೀಳುತ್ತಿತ್ತು. ಬಿದ್ದಷ್ಟೂ ನಾನು ಉಬ್ಬಿದೆ.

ತಂಗಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಹೊಲಿಸಿಕೊಳ್ಳುತ್ತಿದ್ದ ಒಬ್ಬ ಅಧಿಕಾರಿಯ ಹೆಂಡತಿ ಅವಳಿಗೆ ಕೇಕು ಮಾಡುವುದನ್ನು ಕಲಿಸಿದ್ದರು. ವರ್ಗವಾಗಿ ಹೊರಟಾಗ ತಮ್ಮ ಕೆಟ್ಟುಹೋಗಿದ್ದ ಓವನ್ನನ್ನು ಅವಳಿಗೇ ಕೊಟ್ಟರು. ದುಂಡನೆಯ ಅಲ್ಯೂಮಿನಿಯಂ ಪಾತ್ರೆಯಂಥದು; ಮುಚ್ಚಳದಲ್ಲಿ ಗಾಜಿನ ಕಿಂಡಿ. ಆ ಹೊತ್ತಿಗೆ ಸಿರಾದ ಒಬ್ಬ ಮೇಷ್ಟ್ರಿಗೆ ಅವಳನ್ನು ಕೊಡುವ ಮಾತಾಗಿತ್ತು. ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಗಂಡಿನ ಕಡೆಯವರು ಮಂಗಳವಾರ ಬರುವವರಿದ್ದರು. ಅವರಿಗೆ ಕೇಕು ಕೊಡಬೇಕೆಂಬುದು ತಂಗಿಯ ಆಸೆ.

‘ಅಣ್ಣ, ಊರೋರ ಮಿಕ್ಸಿಯೆಲ್ಲಾ ಮಾಡ್ಕೊಡ್ತೀಯ. ಇದೊಂದು ಆಗಲ್ವಾ ನಿನ್ ಕೈಲಿ?’

ಶನಿವಾರ ಮಧ್ಯಾಹ್ನ ಬಿಚ್ಚಿದೆ. ತಳದ ಪಿಂಗಾಣಿ ತಟ್ಟೆಯ ಸುರುಳಿ ತಂತಿ ಒಂದು ಕಡೆ ತುಂಡಾಗಿತ್ತು. ಹೊಸದು ಬೇಕೆಂದರೆ ತುಮಕೂರಿಗೆ ಹೋಗಬೇಕು. ಎರಡೂ ತುದಿಗಳನ್ನು ಎಳೆದು, ಇಕ್ಕಳದಲ್ಲಿ ಹೊಸೆದು ಸೇರಿಸಿದೆ. ಸುರುಳಿ ಕೆಂಪಗೆ ಕಾಯಿತು. ತಂಗಿ ಚಪ್ಪಾಳೆ ತಟ್ಟಿ ಮುಚ್ಚಳ ಮುಟ್ಟಿದವಳು ‘ಹಾ’ ಎಂದು ಕೈ ಕೊಡವಿದಳು. ಟೆಸ್ಟರ್ ಇಟ್ಟು ನೋಡಿದೆ. ಮೈಯೆಲ್ಲಾ ಕರೆಂಟು.

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ‘ಮಣೆ ಮ್ಯಾಲೆ ನಿಂತ್ಕಂಡು ಮಾಡ್ಲಿ ಬುಡ್ಲಾ. ಇಸ್ತ್ರಿಪೆಟ್ಟಿಗೆಗೂ ಅಂಗೇ ಅಲ್ವಾ ಮಾಡಾದು?’

‘ಬೀಗರನ್ನೂ ಮಣೆ ಮ್ಯಾಲೆ ನಿಲ್ಸಿ ಕೇಕ್ ಕೊಡಾಣ ಕಣವ್ವ’ ಎಂದು ತಂಗಿ ನಕ್ಕಳು.

ಹೊಸೆದ ತಂತಿಯ ತುದಿ ಎಲ್ಲೋ ತಳಕ್ಕೆ ತಾಗುತ್ತಿದೆ ಎಂದು ನನಗೆ ಅನಿಸಿತ್ತು. ಮತ್ತೆ ಬಿಚ್ಚಬೇಕಿತ್ತು. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆಂಬ ಅವಸರ. ಮನೆಯ ಪ್ಲಗ್ಗಿಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ಅರ್ಥ್ ತಂತಿಯೇ ಇರಲಿಲ್ಲ. ವೈರಿಂಗ್ ಮಾಡಿದವನು ನಾನೇ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದೆ: ಓವನ್ನಿನ ಮೈಯಿಂದ ಒಂದು ತಂತಿ ಎಳೆದು, ಕಿಟಕಿಯಾಚೆ ಹಿತ್ತಲ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದೆ. ಪೈಪು ನೆಲದೊಳಗೆ ದೂರ ಹೋಗುತ್ತದೆ, ಸೋರುವ ಕರೆಂಟನ್ನು ಮಣ್ಣಿಗಿಳಿಸುತ್ತದೆ ಎಂಬುದು ಲೆಕ್ಕ. ಅಂದು ನಲ್ಲಿಯಲ್ಲಿ ನೀರು ಬಂದು ಸುತ್ತಲ ಮಣ್ಣು ನೆನೆದಿತ್ತು. ಟೆಸ್ಟರ್ ಹತ್ತಲಿಲ್ಲ. ‘ಇನ್ನು ಧೈರ್ಯವಾಗಿ ಮುಟ್ಟು’ ಎಂದೆ.

ಆದರೆ ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಮನೆಗಳಿಗೆಲ್ಲ ಹಳೆಯ ಕಬ್ಬಿಣದ ಪೈಪು ಕಿತ್ತು ಕಪ್ಪು ಪ್ಲಾಸ್ಟಿಕ್ ಪೈಪು ಹಾಕಿದ್ದರು. ನೆಲದಿಂದ ಮೇಲೆದ್ದ ಒಂದು ಮೊಳ ಮಾತ್ರ ಕಬ್ಬಿಣ. ಪ್ಲಾಸ್ಟಿಕ್ ಪೈಪನ್ನು ಹೂಳುವಾಗ ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಕೇಕಿನ ಹಿಟ್ಟು ಒಳಗಿಟ್ಟು ಸ್ವಿಚ್ ಹಾಕಿದಳು. ಎರಡು ದಿನದ ಬಿಸಿಲಿಗೆ ನಲ್ಲಿಯ ಬುಡ ಒಣಗಿ ಬಿರುಕು ಬಿಟ್ಟಿತ್ತು; ಮಣ್ಣಿಗಿಳಿಯಲು ದಾರಿಯಿಲ್ಲದೆ ಕರೆಂಟು ನಲ್ಲಿಯಲ್ಲೇ ನಿಂತಿತ್ತು. ಅಂದು ನೀರು ಬರುವ ದಿನ. ನಲ್ಲಿಯ ಪಕ್ಕದ ಕಲ್ಲಿನ ಮೇಲೆ ತೊಟ್ಟಿಯ ನೀರಲ್ಲಿ ಹಿತ್ತಾಳೆ ಬಿಂದಿಗೆ ತೊಳೆದು, ಆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸಿದಳು.

ಬಿಂದಿಗೆ ಉರುಳಿದ ಸದ್ದಿಗೆ ನಾನು ಕಿಟಕಿಯಿಂದ ನೋಡಿದೆ. ಅವಳ ಕೈ ನಲ್ಲಿಗೆ ಅಂಟಿತ್ತು, ಮೈ ಅದುರುತ್ತಿತ್ತು. ಓಡಿ ಸ್ವಿಚ್ ಆರಿಸಿದೆ. ಅದು ಸರಿ. ಅವಳು ದೊಪ್ಪನೆ ಬಿದ್ದಳು. ಹಿತ್ತಲಿಗೆ ಓಡಿದವನು ಅವಳ ಬಳಿಗೆ ಹೋಗಲಿಲ್ಲ. ಮೊದಲು ಪೈಪಿಗೆ ಸುತ್ತಿದ್ದ ತಂತಿಯನ್ನು ಬಿಚ್ಚಿ ಕಿಟಕಿಯೊಳಗೆ ಎಸೆದೆ. ಅವಳ ತಲೆ ಎತ್ತಿ ಹಿಡಿದದ್ದು ಆಮೇಲೆ.

ಅವ್ವ ಕೂಗುತ್ತಾ ಬಂದಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ತಂಗಿಯ ಕೈಕಾಲು ಇನ್ನೂ ಸೆಟೆದಿದ್ದವು, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ.

‘ಫಿಟ್ಸ್ ಕಣಮ್ಮ ಇದು! ಕೈಗೆ ಕಬ್ಬಿಣ ಕೊಡ್ರೀ!’ ಎಂದು ಪಕ್ಕದಾಕೆ ಕೂಗಿದಳು.

ಅವ್ವ ಸೊಂಟದ ಬೀಗದ ಕೈ ಗೊಂಚಲನ್ನು ತಂಗಿಯ ಮುಷ್ಟಿಗೆ ತುರುಕಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: ‘ಕರೆಂಟ್ ಏನಾದ್ರೂ ಮುಟ್ಟಿದ್ರಾ?’

‘ಇಲ್ಲ ಸಾರ್, ನೀರು ಹಿಡಿಯೋಕೆ ಹೋಗಿದ್ಲು’ ಎಂದೆ. ಅಂಗೈಯಲ್ಲಿದ್ದ ಸುಟ್ಟ ಗುರುತಿಗೆ ಅವ್ವನೇ ಕಾರಣ ಕೊಟ್ಟಳು, ಕೇಕಿನ ತಟ್ಟೆ ಮುಟ್ಟಿರಬೇಕೆಂದು. ತಂಗಿಗೆ ನಲ್ಲಿಯವರೆಗೆ ನಡೆದದ್ದು ಬಿಟ್ಟರೆ ಬೇರೇನೂ ನೆನಪಿರಲಿಲ್ಲ.

ಮಂಗಳವಾರ ಸಿರಾದವರು ಬಂದಾಗ ಮನೆಗೆ ಬೀಗ. ಪಕ್ಕದಾಕೆ ಎಲ್ಲವನ್ನೂ ಹೇಳಿದ್ದಳು. ಗಂಡಿನ ಸೋದರಮಾವ ಆಸ್ಪತ್ರೆಗೇ ಬಂದರು. ಎರಡು ಮೋಸಂಬಿ ಅವ್ವನ ಕೈಗಿಟ್ಟು ನನ್ನನ್ನು ಜಗುಲಿಗೆ ಕರೆದರು.

‘ಮೊದ್ಲಿಂದ್ಲೂ ಇತ್ತೇನಪ್ಪಾ ಇದು? ನಮಗೊಂದು ಮಾತು ಹೇಳ್ಬೋದಾಗಿತ್ತು.’

ನಿಜ ಹೇಳಿದ್ದರೆ ಆ ಕ್ಷಣವೇ ಎಲ್ಲ ಸರಿಹೋಗುತ್ತಿತ್ತು. ಕರೆಂಟು ಹೊಡೆಸಿಕೊಂಡವಳನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಸ್ವಂತ ತಂಗಿಗೆ ಕರೆಂಟು ಕೊಟ್ಟ ರಿಪೇರಿಯವನ ಅಂಗಡಿಗೆ ಯಾರು ಬರುತ್ತಾರೆ?

‘ಇಲ್ಲ ಸ್ವಾಮಿ, ಇದೇ ಮೊದ್ಲು’ ಎಂದೆ.

ಅವರು ತಲೆಯಾಡಿಸಿ ಬಸ್ಸು ಹತ್ತಲು ಹೋದರು. ಮತ್ತೆ ಬರಲಿಲ್ಲ. ಮುಂದೆ ಪಾವಗಡದಿಂದ ಒಂದು, ಕೊರಟಗೆರೆಯಿಂದ ಒಂದು ಸಂಬಂಧ ಬಂದವು. ಎರಡೂ ಪಕ್ಕದ ಮನೆ ದಾಟಿ ನಮ್ಮ ಮನೆಯವರೆಗೆ ಬರಲಿಲ್ಲ.

ಆ ವಾರವೇ ಓವನ್ನನ್ನು ಅಂಗಡಿಗೆ ಒಯ್ದು ಬಿಚ್ಚಿದೆ. ಉಗುರಿನಷ್ಟು ತುದಿ ತಳಕ್ಕೆ ತಾಗಿತ್ತು. ಕತ್ತರಿಸಿ ಬಾಗಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಅತ್ತು, ಮುಖ ತೊಳೆದು, ಮತ್ತೆ ಬಾಗಿಲು ತೆರೆದೆ. ನಾಳೆ ಹೇಳುತ್ತೇನೆ ಅಂದುಕೊಂಡೆ.

ಮೂರ್ಛೆಯ ಮಾತ್ರೆ ಶುರುವಾಗಿತ್ತು. ತಂಗಿ ಹೊಲಿಗೆ ಯಂತ್ರದ ಮುಂದೆಯೇ ತೂಕಡಿಸುತ್ತಿದ್ದಳು. ಅವ್ವ ಅವಳನ್ನು ಒಲೆಯ ಬಳಿ, ಬಾವಿಯ ಬಳಿ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಬ್ಬ ಡಾಕ್ಟರು, ‘ಮತ್ತೆ ಒಂದು ಸಲವೂ ಬಂದಿಲ್ಲವಲ್ಲ, ನಿಧಾನವಾಗಿ ನಿಲ್ಲಿಸೋಣ’ ಎಂದರು.

‘ನಿಲ್ಸಿದ್ಮ್ಯಾಲೆ ಬಂದ್ಬುಟ್ರೆ?’ ಎಂದು ತಂಗಿ ನನ್ನ ಮುಖ ನೋಡಿದಳು.

‘ಇರ್ಲಿ ಬಿಡಿ ಸಾರ್, ತಗೊಳ್ಲಿ’ ಎಂದೆ. ಇನ್ನೂ ಆರು ವರ್ಷ ನುಂಗಿದಳು. ನನ್ನ ತಪ್ಪುಗಳಲ್ಲಿ ಇದಕ್ಕೆ ಮಾತ್ರ ಅವಸರದ ನೆಪವೂ ಇಲ್ಲ.

ಹೋದ ವರ್ಷ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ.

‘ಅವ್ವಂಗೆ ಗೊತ್ತಿತ್ತಾ?’

‘ಇಲ್ಲ.’

‘ಪಾಪ, ಸಾಯೋಗಂಟ ನನ್ ಕೈ ಹಿಡ್ಕಂಡೇ ಮಲಗೋಳು’ ಎಂದಳು. ಸಿಪ್ಪೆ ಬಾಚಿಕೊಂಡು ಎದ್ದು ಹೋದಳು.

ಬೈಯಲಿಲ್ಲ. ಬೈಯಲೆಂದು ನಾನು ಎಷ್ಟೋ ದಿನ ಕಾದೆ. ಈಗಲೂ ಒಂದೇ ಮನೆಯಲ್ಲಿದ್ದೇವೆ, ಅವಳೇ ಅಡುಗೆ ಮಾಡುತ್ತಾಳೆ. ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ‘ಬಡಿಸೈತೆ’ ಎನ್ನುತ್ತಾಳೆ. ಆ ದಿನದಿಂದ ಅವಳು ನನ್ನನ್ನು ಅಣ್ಣ ಎಂದು ಕರೆದಿಲ್ಲ.